ಮೊದಲು ಕಣ್ಣು, ಆಮೇಲೆ ಪುಸ್ತಕ, ಕೊನೆಗೆ ದನಿ: ಪಾರಂಪರಿಕ ಲ್ಯಾಟಿನ್ ಬಲಿಪೂಜೆಯಲ್ಲಿ ಶ್ರೀಸಾಮಾನ್ಯರು ಪಾಲ್ಗೊಳ್ಳುವ ಬಗೆ

ಕಥೋಲಿಕ ಕ್ರೈಸ್ತರ ಪಾರಂಪರಿಕ ಲ್ಯಾಟಿನ್ ಬಲಿಪೂಜೆಗೆ (ಮಾಸ್) ಮೊದಲ ಸಲ ಹೋದ ದಿನ ನನ್ನ ಕೈಯಲ್ಲಿ ದಪ್ಪನೆಯ ಪೂಜಾಪುಸ್ತಕವೊಂದಿತ್ತು. ಎಡಪುಟದಲ್ಲಿ ಲ್ಯಾಟಿನ್, ಬಲಪುಟದಲ್ಲಿ ಅದರ ಅನುವಾದ, ನಡುವೆ ಗುರುತಿಗೆಂದು ಇಳಿಬಿಟ್ಟ ಬಣ್ಣಬಣ್ಣದ ದಾರಗಳು. ಗುರುಗಳು ಯಾವ ಪ್ರಾರ್ಥನೆಯಲ್ಲಿದ್ದಾರೆಂದು ಹುಡುಕುತ್ತ ನಾನು ಪುಟ ಮಗುಚುತ್ತಲೇ ಇದ್ದೆ. ಗಂಟೆಯ ಸದ್ದು ಕೇಳಿ ತಲೆಯೆತ್ತಿದಾಗ ಗುರುಗಳು ಪರಮಪ್ರಸಾದವನ್ನು, ಅಂದರೆ ಕ್ರಿಸ್ತರ ಶರೀರವೆಂದು ನಂಬುವ ರೊಟ್ಟಿಯನ್ನು, ಮೇಲೆತ್ತಿ ಹಿಡಿದಿದ್ದರು, ಸುತ್ತಲಿನವರೆಲ್ಲ ಮಂಡಿಯೂರಿ ಮೌನವಾಗಿದ್ದರು, ನನ್ನ ಬೆರಳು ಮಾತ್ರ ಇನ್ನೂ ಕಾಣಿಕೆ ಅರ್ಪಣೆಯ ಪುಟದಲ್ಲಿತ್ತು. ಪೂಜೆಯ ಹೃದಯಭಾಗವೇ ಕಣ್ಣೆದುರು ನಡೆಯುತ್ತಿದ್ದಾಗ ನಾನು ಪುಸ್ತಕದೊಳಗೆ ಕಳೆದುಹೋಗಿದ್ದೆ. ಹೊಸದಾಗಿ ಹೋಗುವವರಲ್ಲಿ ಹೆಚ್ಚಿನವರಿಗೆ ಇದೇ ಅನುಭವವಾಗುತ್ತದೆ. ಕಾರಣ ಲ್ಯಾಟಿನ್ ಬಾರದಿರುವುದಲ್ಲ, ಕಲಿಯುವ ಕ್ರಮ ತಲೆಕೆಳಗಾಗಿರುವುದು. ಮೊದಲು ಕಣ್ಣಿನಿಂದ ಪೂಜೆಯನ್ನು ಅರಿತು, ಬಳಿಕ ಪುಸ್ತಕವನ್ನು ಕೈಗೆತ್ತಿಕೊಂಡು, ಕೊನೆಗೆ ದನಿಗೂಡಿಸಿದರೆ ಕೆಲವೇ ವಾರಗಳಲ್ಲಿ ಈ ಆರಾಧನೆ ನಮ್ಮದೇ ಆಗುತ್ತದೆ.

ಯಾವ ಪೂಜೆ, ಎಲ್ಲಿ

ಪಾರಂಪರಿಕ ಲ್ಯಾಟಿನ್ ಬಲಿಪೂಜೆ ಎಂದರೆ ಸಾಮಾನ್ಯವಾಗಿ 1962ರ ರೋಮನ್ ಪೂಜಾಗ್ರಂಥದ ಪ್ರಕಾರ ನಡೆಯುವ ಪೂಜೆ. ಟ್ರೆಂಟ್ ಮಹಾಸಭೆಯ ತರುವಾಯ, 1570ರಲ್ಲಿ, ಪೋಪ್ ಐದನೇ ಪಯಸ್ ಅವರು ಈ ಗ್ರಂಥಕ್ಕೆ ಒಂದು ನಿಶ್ಚಿತ ರೂಪ ಕೊಟ್ಟರು. ಆದರೆ ಅದರೊಳಗಿನ ಪ್ರಾರ್ಥನೆಗಳಲ್ಲಿ ಬಹಳಷ್ಟು ಅದಕ್ಕಿಂತ ಎಷ್ಟೋ ಶತಮಾನಗಳ ಹಿಂದಿನವು. 1962ರಲ್ಲಿ ಪೋಪ್ 23ನೇ ಜಾನ್ ಅವರು ಹೊರಡಿಸಿದ್ದು ಅದರ ಕೊನೆಯ ಆವೃತ್ತಿ. 1969ರಲ್ಲಿ ಪೋಪ್ ಆರನೇ ಪೌಲ್ ಅವರು ಘೋಷಿಸಿದ ಹೊಸ ಪೂಜಾವಿಧಿಯೇ ಇಂದು ಎಲ್ಲೆಡೆ ಬಳಕೆಯಲ್ಲಿರುವುದು. ಈ ಹೊಸ ವಿಧಿಯನ್ನೂ ಲ್ಯಾಟಿನ್ನಿನಲ್ಲಿ ಆಚರಿಸಬಹುದು ಎಂಬುದು ಅನೇಕರಿಗೆ ತಿಳಿದಿಲ್ಲ. ಜನರು ತಮಗೆ ಸಲ್ಲುವ ಭಾಗಗಳನ್ನು ಲ್ಯಾಟಿನ್ನಿನಲ್ಲಿಯೂ ಹೇಳಲು ಅಥವಾ ಹಾಡಲು ಶಕ್ತರಾಗಿರುವಂತೆ ನೋಡಿಕೊಳ್ಳಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆಯೇ 1963ರಲ್ಲಿ ದೈವಾರಾಧನೆಯ ಕುರಿತಾದ ತನ್ನ ಸಂವಿಧಾನದಲ್ಲಿ ಹೇಳಿದೆ. ಹಾಗಾಗಿ ಮುಂದೆ ಬರುವ ಉಚ್ಚಾರಣೆ, ಗಾಯನ ಮತ್ತು ಮೌನದ ಮಾತುಗಳು ಹೊಸ ವಿಧಿಯ ಲ್ಯಾಟಿನ್ ಪೂಜೆಗೆ ಹೋಗುವವರಿಗೂ ಉಪಯೋಗಕ್ಕೆ ಬರುತ್ತವೆ.

ಹೋಗುವ ಮುನ್ನ ಆ ಪೂಜೆ ಸ್ಥಳೀಯ ಧರ್ಮಾಧ್ಯಕ್ಷರ (ಬಿಷಪ್ಪರ) ಅನುಮತಿಯಿಂದ ನಡೆಯುತ್ತಿದೆಯೇ ಎಂದು ವಿಚಾರಿಸಿಕೊಳ್ಳಿ. 2007ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ಅವರು ಹಳೆಯ ವಿಧಿಯ ಬಳಕೆಯನ್ನು ಬಹಳವಾಗಿ ಸಡಿಲಗೊಳಿಸಿದ್ದರು. 2021ರ ಜುಲೈ 16ರಂದು ಪೋಪ್ ಫ್ರಾನ್ಸಿಸ್ ಅವರು ಹೊರಡಿಸಿದ ಆದೇಶವು ಅನುಮತಿ ನೀಡುವ ಅಧಿಕಾರವನ್ನು ಧರ್ಮಾಧ್ಯಕ್ಷರಿಗೇ ಒಪ್ಪಿಸಿತು ಮತ್ತು ವಾಚನಗಳನ್ನು ಜನರ ಭಾಷೆಯಲ್ಲಿ ಓದಬೇಕೆಂದು ವಿಧಿಸಿತು. ಈ ವಿಷಯದಲ್ಲಿ ನೋವುಂಡವರು ಎರಡೂ ಕಡೆ ಇದ್ದಾರೆ. ಆದರೂ ಧರ್ಮಸಭೆಯ ಐಕ್ಯದ ಸಂಸ್ಕಾರವನ್ನು ಅರಸಿ ಹೊರಟವರು ಧರ್ಮಾಧ್ಯಕ್ಷರನ್ನು ಬದಿಗಿಟ್ಟು ಹೋಗುವುದು ಸರಿಯಲ್ಲವೆಂದೇ ನಾನು ನಂಬುತ್ತೇನೆ. ಭಾನುವಾರದ ಕಟ್ಟಳೆಯ ಬಗ್ಗೆ ಅನುಮಾನ ಬೇಡ. ಯಾವುದೇ ಕಥೋಲಿಕ ವಿಧಿಯಲ್ಲಿ, ಆ ದಿನವಾಗಲಿ ಹಿಂದಿನ ದಿನದ ಸಂಜೆಯಾಗಲಿ ಬಲಿಪೂಜೆಯಲ್ಲಿ ಪಾಲ್ಗೊಂಡರೆ ಕಟ್ಟಳೆ ಪೂರೈಸುತ್ತದೆ ಎಂದು ಧರ್ಮಸಭೆಯ ಕಾನೂನು ಸ್ಪಷ್ಟವಾಗಿ ಹೇಳುತ್ತದೆ.

ಪೂಜೆಯಲ್ಲಿ ಮೂರು ಬಗೆಗಳಿವೆ. ಹಾಡಿಲ್ಲದೆ, ಬಹುಪಾಲು ತಗ್ಗಿದ ದನಿಯಲ್ಲಿ ನಡೆಯುವುದು ಸರಳ ಪೂಜೆ. ಗುರುಗಳೂ ಗಾಯನವೃಂದವೂ ಹಾಡುವುದು ಗಾನಪೂಜೆ. ಡೀಕನ್ ಮತ್ತು ಉಪಡೀಕನ್ ಎಂಬ ಸಹಾಯಕ ಸೇವಕರಿಬ್ಬರೂ ಗುರುಗಳಿಗೆ ನೆರವಾಗಿ ನಿಂತು ನಡೆಸುವುದು ಮಹಾಪೂಜೆ. ಹೊಸಬರು ಗಾನಪೂಜೆಯಿಂದ ಆರಂಭಿಸುವುದು ಒಳ್ಳೆಯದು. ಹಾಡು ಕೇಳಿಸುತ್ತಿದ್ದರೆ ಎಲ್ಲಿದ್ದೇವೆಂಬುದು ತಾನಾಗಿ ತಿಳಿಯುತ್ತದೆ. ಸರಳ ಪೂಜೆಯ ದೀರ್ಘ ಮೌನವನ್ನು ಸವಿಯಲು ಸ್ವಲ್ಪ ಪಳಗಿರಬೇಕು.

ಪಾಲ್ಗೊಳ್ಳುವುದೆಂದರೆ ಏನು

ಹಳೆಯ ಪೂಜೆಯಲ್ಲಿ ಜನರು ಸುಮ್ಮನೆ ನೋಡುತ್ತ ಕೂರುತ್ತಾರೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಆದರೆ ಶ್ರೀಸಾಮಾನ್ಯರು ಸಕ್ರಿಯವಾಗಿ ಪಾಲ್ಗೊಳ್ಳಬೇಕೆಂಬ ಮಾತು ಹುಟ್ಟಿದ್ದೇ ಈ ಪೂಜೆಯ ಕಾಲದಲ್ಲಿ. 1903ರಲ್ಲಿ ಪೋಪ್ ಹತ್ತನೇ ಪಯಸ್ ಅವರು ಪವಿತ್ರ ಸಂಗೀತದ ಬಗ್ಗೆ ಬರೆದಾಗಲೇ ಆ ಪದವನ್ನು ಬಳಸಿದ್ದರು. 1947ರಲ್ಲಿ ಪೋಪ್ ಹನ್ನೆರಡನೇ ಪಯಸ್ ಅವರು ತಮ್ಮ ಪತ್ರವೊಂದರಲ್ಲಿ ಅದನ್ನು ಇನ್ನಷ್ಟು ಬಿಡಿಸಿ ಹೇಳಿದರು: ಗುರುಗಳ ಮೂಲಕ ಮಾತ್ರವಲ್ಲ, ಒಂದು ಅರ್ಥದಲ್ಲಿ ಗುರುಗಳೊಡನೆ ಕೂಡಿ ಜನರೂ ಬಲಿಯನ್ನು ಅರ್ಪಿಸುತ್ತಾರೆ, ಆದ್ದರಿಂದ ಅವರು ತಮ್ಮನ್ನೂ ಕ್ರಿಸ್ತರೊಂದಿಗೆ ಅರ್ಪಿಸಿಕೊಳ್ಳಬೇಕು. ಎಲ್ಲರ ಸ್ವಭಾವ, ಸಾಮರ್ಥ್ಯ ಒಂದೇ ಅಲ್ಲವೆಂದೂ, ಪೂಜಾಪುಸ್ತಕ ಬಳಸಲಾರದವರು ಕ್ರಿಸ್ತರ ಜೀವನರಹಸ್ಯಗಳನ್ನು ಧ್ಯಾನಿಸುತ್ತಲೋ ಪೂಜೆಯ ಭಾವಕ್ಕೆ ಹೊಂದುವ ಬೇರೆ ಪ್ರಾರ್ಥನೆಗಳನ್ನು ಹೇಳುತ್ತಲೋ ಪಾಲ್ಗೊಳ್ಳಬಹುದೆಂದೂ ಅವರು ಅದೇ ಪತ್ರದಲ್ಲಿ ಹೇಳಿದ್ದಾರೆ. ಪಕ್ಕದಲ್ಲಿ ಕುಳಿತ ಅಜ್ಜಿ ಜಪಸರ ಹಿಡಿದಿದ್ದರೆ ಅವರು ಪೂಜೆಯ ಹೊರಗಿದ್ದಾರೆಂದು ತಿಳಿಯಬಾರದು.

1958ರ ಸೆಪ್ಟೆಂಬರ್ 3ರಂದು ರೋಮ್ ಹೊರಡಿಸಿದ ಸೂಚನೆಗಳು ಇದಕ್ಕೆ ಮೆಟ್ಟಿಲುಗಳನ್ನೇ ಕಟ್ಟಿಕೊಟ್ಟವು. ಸರಳ ಪೂಜೆಯಲ್ಲಿ ಜನರು ಬಾಯಿಬಿಟ್ಟು ಭಾಗವಹಿಸಲು ನಾಲ್ಕು ಹಂತಗಳಿವೆ: ಮೊದಲು ಚಿಕ್ಕ ಉತ್ತರಗಳು, ಬಳಿಕ ಪೀಠಸೇವಕರು ಹೇಳುವ ಉತ್ತರಗಳು, ಆಮೇಲೆ ಗ್ಲೋರಿಯಾ (ಮಹಿಮಾಗೀತೆ), ಕ್ರೇದೋ (ವಿಶ್ವಾಸಪ್ರಮಾಣ), ಸಾಂಕ್ತುಸ್ ('ಪವಿತ್ರರು' ಎಂಬ ಸ್ತುತಿ), ಆನ್ಯುಸ್ ದೇಯಿ ('ದೇವರ ಕುರಿಮರಿ' ಎಂಬ ಪ್ರಾರ್ಥನೆ), ಕೊನೆಗೆ ಆ ದಿನಕ್ಕೆ ಮೀಸಲಾದ ಗೀತಭಾಗಗಳು. ಗಾನಪೂಜೆಯಲ್ಲಿ ಇಂತಹವೇ ಮೂರು ಹಂತಗಳು. ಎಷ್ಟೋ ಕಡೆ ಜನರು ಮೊದಲ ಹಂತದಲ್ಲೇ ಇರುತ್ತಾರೆ, ಕೆಲವೆಡೆ ಪೂರ್ಣ ಮೌನವೇ ರೂಢಿಯಾಗಿರುತ್ತದೆ. ಮೌನವಾಗಿರುವ ಸಭೆಯಲ್ಲಿ ನೀವೊಬ್ಬರೇ ಗಟ್ಟಿಯಾಗಿ ಉತ್ತರಿಸಬೇಡಿ. ಎಲ್ಲರೂ ಉತ್ತರಿಸುವ ಕಡೆ ತುಟಿ ಬಿಗಿದುಕೊಂಡೂ ಇರಬೇಡಿ.

ಮನೆಯಿಂದ ಪೀಠದವರೆಗೆ

ಪರಮಪ್ರಸಾದ ಸ್ವೀಕರಿಸುವವರು ಅದಕ್ಕೆ ಕನಿಷ್ಠ ಒಂದು ಗಂಟೆ ಮುಂಚಿನಿಂದ ನೀರು, ಔಷಧಿ ಬಿಟ್ಟು ಬೇರೇನೂ ಸೇವಿಸದೆ ಉಪವಾಸವಿರಬೇಕು. ಇದು ಇಂದಿನ ಕಾನೂನು. 1957ರಲ್ಲಿ ಹನ್ನೆರಡನೇ ಪಯಸ್ ಅವರು ಗೊತ್ತುಮಾಡಿದ್ದ ಮೂರು ಗಂಟೆಗಳ ಉಪವಾಸವನ್ನು ಈ ಪೂಜೆಗೆ ಬರುವ ಹಲವರು ಸ್ವಇಚ್ಛೆಯಿಂದ ಪಾಲಿಸುತ್ತಾರೆ. ಗಂಭೀರ ಪಾಪದ ಅರಿವಿದ್ದರೆ ಮೊದಲು ಪಾಪನಿವೇದನೆ ಮಾಡಿ. ಅನೇಕ ಕಡೆ ಪೂಜೆಗೆ ಮುನ್ನ ಅರ್ಧ ಗಂಟೆ ಗುರುಗಳು ಅದಕ್ಕೆಂದೇ ಕುಳಿತಿರುತ್ತಾರೆ. ಮಹಿಳೆಯರು ತಲೆಯ ಮೇಲೆ ವಸ್ತ್ರ ಹೊದೆಯುವುದು 1917ರ ಕಾನೂನುಸಂಹಿತೆಯಲ್ಲಿ ನಿಯಮವಾಗಿತ್ತು, 1983ರ ಸಂಹಿತೆಯಲ್ಲಿ ಅದಿಲ್ಲ. ಹಾಗಾಗಿ ಅದು ಇಂದು ಭಕ್ತಿಯ ರೂಢಿಯೇ ಹೊರತು ಕಡ್ಡಾಯವಲ್ಲ. ಹೊದೆಯದೆ ಬಂದವರನ್ನು ದಿಟ್ಟಿಸಿ ನೋಡುವುದು ಯಾರಿಗೂ ಶೋಭೆಯಲ್ಲ.

ಒಳಗೆ ಬಂದು ಪವಿತ್ರ ಜಲದಿಂದ ಶಿಲುಬೆಯ ಗುರುತು ಹಾಕಿಕೊಂಡು, ಪರಮಪ್ರಸಾದದ ಪೆಟ್ಟಿಗೆಯತ್ತ ತಿರುಗಿ ಬಲಮಂಡಿಯನ್ನು ನೆಲಕ್ಕೆ ಮುಟ್ಟಿಸಿ ನಮಿಸಿ. ನಂತರ ಮೂರನೆಯ ಅಥವಾ ನಾಲ್ಕನೆಯ ಸಾಲಿನಲ್ಲಿ ಕುಳಿತುಕೊಳ್ಳಿ. ಇದು ಅತ್ಯಂತ ಉಪಯುಕ್ತ ಸಲಹೆ. ಮೊದಲ ಸಾಲಿನಲ್ಲಿ ಕುಳಿತರೆ ಯಾವಾಗ ಏಳಬೇಕು, ಯಾವಾಗ ಮಂಡಿಯೂರಬೇಕು ಎಂದು ನೋಡಿ ಕಲಿಯಲು ಮುಂದೆ ಯಾರೂ ಇರುವುದಿಲ್ಲ, ತೀರ ಹಿಂದೆ ಕುಳಿತರೆ ಪೀಠವೇ ಕಾಣಿಸುವುದಿಲ್ಲ. ಜನರ ಏಳುವಿಕೆ, ಕೂರುವಿಕೆ ಊರಿಂದ ಊರಿಗೆ ಬೇರೆಯಾಗಿರುತ್ತದೆ. ಎಲ್ಲೆಡೆಯೂ ತಪ್ಪದೆ ಕಾಣುವುದೆಂದರೆ ಶುಭಸಂದೇಶದ ವಾಚನಕ್ಕೆ ನಿಲ್ಲುವುದು, ರೊಟ್ಟಿ ಮತ್ತು ದ್ರಾಕ್ಷಾರಸ ಕ್ರಿಸ್ತರ ಶರೀರ ಮತ್ತು ರಕ್ತವಾಗುವ ಪವಿತ್ರೀಕರಣಕ್ಕೆ ಮಂಡಿಯೂರುವುದು, ಕ್ರೇದೋದಲ್ಲಿ ದೇವಪುತ್ರರು ಮನುಷ್ಯರಾದರು ಎಂಬ ಮಾತಿಗೂ ಕೊನೆಯ ಶುಭಸಂದೇಶದಲ್ಲಿ ದಿವ್ಯವಾಣಿ ಮನುಷ್ಯರಾದರು ಎಂಬ ಮಾತಿಗೂ ಒಂದು ಮಂಡಿ ಬಾಗಿಸುವುದು.

ಮೊದಲ ಮೂರು ಭಾನುವಾರ: ಪುಸ್ತಕ ಮುಚ್ಚಿಡಿ

ಮೊದಲ ಮೂರು ವಾರ ಪುಸ್ತಕವನ್ನು ತೆರೆಯದೆ ಕೇವಲ ನೋಡಿ. ಗುರುಗಳು ನಮ್ಮೊಡನೆ ಒಂದೇ ದಿಕ್ಕಿಗೆ ಮುಖಮಾಡಿ ನಿಂತಿರುವುದರಿಂದ ಅವರ ತುಟಿ ಕಾಣದು, ಆದರೆ ಪೀಠದ ಮೇಲೆ ನಡೆಯುವ ಪ್ರತಿಯೊಂದು ಚಲನೆಯೂ ಪೂಜೆ ಎಲ್ಲಿಗೆ ಬಂದಿದೆ ಎಂಬುದನ್ನು ಹೇಳುತ್ತದೆ. ಐದು ಗುರುತುಗಳನ್ನು ಕಂಡುಕೊಂಡರೆ ಸಾಕು. ಗುರುಗಳು ಮೆಟ್ಟಿಲ ಕೆಳಗೆ ನಿಂತಿದ್ದರೆ ಅದು ಆರಂಭದ ಪ್ರಾರ್ಥನೆ: ಬೈಬಲಿನ ಕೀರ್ತನೆ, ಪಾಪನಿವೇದನೆಯ ಕೊನ್ಫೀತೆಯೋರ್. ಪೀಠದ ಬಲತುದಿಯಲ್ಲಿದ್ದ ದೊಡ್ಡ ಗ್ರಂಥವನ್ನು ಪೀಠಸೇವಕ ಅದರ ಆಸನದೊಡನೆ ಎತ್ತಿಕೊಂಡು, ಮೆಟ್ಟಿಲಿಳಿದು ನಡುವೆ ಮಂಡಿಬಾಗಿ ಎಡತುದಿಗೆ ಒಯ್ದನೆಂದರೆ ಶುಭಸಂದೇಶ ಬಂತು, ಎದ್ದು ನಿಲ್ಲಬೇಕು. ದ್ರಾಕ್ಷಾರಸದ ಪಾತ್ರೆಯ ಮೇಲೆ ಹೊದಿಸಿದ್ದ ವಸ್ತ್ರವನ್ನು ತೆಗೆದರೆ ಕಾಣಿಕೆ ಅರ್ಪಣೆ ಆರಂಭವಾಯಿತು. ಮೂರು ಬಾರಿ ಗಂಟೆ ಬಾರಿಸಿದರೆ ಅದು ಸಾಂಕ್ತುಸ್, ಅಲ್ಲಿಂದ ಮುಂದೆ ಕ್ಯಾನನ್ ಎಂಬ ಮಹಾಪ್ರಾರ್ಥನೆಯ ಮೌನ. ಗುರುಗಳು ಎದೆ ಬಡಿದುಕೊಳ್ಳುತ್ತ ಮೂರು ಸಲ ಒಂದೇ ಮಾತನ್ನು ಹೇಳುವಾಗ ಮತ್ತೆ ಗಂಟೆ ಕೇಳಿಸಿದರೆ ಪರಮಪ್ರಸಾದ ಸ್ವೀಕಾರದ ಹೊತ್ತು.

ಪವಿತ್ರೀಕರಣದ ಕ್ಷಣವನ್ನು ಹತ್ತಿರದಿಂದ ನೋಡಿ. ಗುರುಗಳು ಪೀಠದ ಮೇಲೆ ಮೊಣಕೈಗಳನ್ನಿರಿಸಿ ಬಾಗುತ್ತಾರೆ. ಪೀಠಸೇವಕ ಅವರ ಹಿಂದೆ ಮಂಡಿಯೂರಿ, ಒಂದು ಕೈಯಲ್ಲಿ ಅವರ ಪೂಜಾವಸ್ತ್ರದ ಅಂಚನ್ನು ಮೆಲ್ಲನೆ ಎತ್ತಿಹಿಡಿದು ಇನ್ನೊಂದರಲ್ಲಿ ಗಂಟೆ ಬಾರಿಸುತ್ತಾನೆ. ಗುರುಗಳು ಮಂಡಿಬಾಗಿ, ಎದ್ದು, ರೊಟ್ಟಿಯ ರೂಪದಲ್ಲಿರುವ ಪ್ರಭುವನ್ನು ಎಲ್ಲರಿಗೂ ಕಾಣುವಂತೆ ಎತ್ತಿ, ಮತ್ತೆ ಮಂಡಿ ಬಾಗುತ್ತಾರೆ. ಪಾತ್ರೆಗೂ ಹಾಗೆಯೇ. ಅಲ್ಲಿಂದ ಮುಂದೆ ಅವರ ಕೈಗಳನ್ನೇ ಗಮನಿಸಿ. ಪರಮಪ್ರಸಾದವನ್ನು ಮುಟ್ಟಿದ ಹೆಬ್ಬೆರಳು ಮತ್ತು ತೋರುಬೆರಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಪುಟ ಮಗುಚುವಾಗಲೂ ಉಳಿದ ಬೆರಳುಗಳನ್ನೇ ಬಳಸುತ್ತಾರೆ. ಪರಮಪ್ರಸಾದ ಸ್ವೀಕಾರದ ನಂತರ ಬೆರಳುಗಳನ್ನು ತೊಳೆಯುವ ತನಕ, ಸಣ್ಣ ಕಣವೂ ಕೆಳಗೆ ಬೀಳಬಾರದೆಂದು, ಆ ಎರಡು ಬೆರಳುಗಳು ಬೇರೇನನ್ನೂ ಮುಟ್ಟುವುದಿಲ್ಲ. ಪರಮಪ್ರಸಾದದಲ್ಲಿ ಕ್ರಿಸ್ತರು ನಿಜವಾಗಿ ಇದ್ದಾರೆಂಬ ವಿಶ್ವಾಸವನ್ನು ಯಾವ ಪ್ರಬೋಧನೆಗಿಂತಲೂ ಚೆನ್ನಾಗಿ ನನಗೆ ಕಲಿಸಿದ್ದು ಆ ಜೋಡಿಸಿದ ಬೆರಳುಗಳು.

ಆಮೇಲೆ ಪುಸ್ತಕ

ನಾಲ್ಕನೆಯ ವಾರ ಪುಸ್ತಕ ತೆರೆಯಿರಿ. ಅದರಲ್ಲಿ ಎರಡು ಬಗೆಯ ಪುಟಗಳಿರುತ್ತವೆ. ಪ್ರತಿ ಪೂಜೆಯಲ್ಲೂ ಬರುವ ಬದಲಾಗದ ಭಾಗ ಸಾಮಾನ್ಯವಾಗಿ ಪುಸ್ತಕದ ನಡುವೆ ಇರುತ್ತದೆ. ಪ್ರವೇಶಗೀತೆ, ಆ ದಿನದ ಪ್ರಾರ್ಥನೆಗಳು, ಪತ್ರವಾಚನ, ಶುಭಸಂದೇಶ ಮುಂತಾದ ದಿನಕ್ಕೊಂದರಂತೆ ಬದಲಾಗುವ ಭಾಗಗಳು ಬೇರೆಡೆ ಇರುತ್ತವೆ. ಒಂದು ದಾರವನ್ನು ಬದಲಾಗದ ಭಾಗದಲ್ಲಿ, ಇನ್ನೊಂದನ್ನು ಆ ದಿನದ ಪುಟದಲ್ಲಿ ಇಟ್ಟುಕೊಂಡರೆ ಸಾಕು. ಆ ದಿನದ ಭಾಗಗಳನ್ನು ಶನಿವಾರ ರಾತ್ರಿಯೇ ಮನೆಯಲ್ಲಿ ಓದಿಕೊಳ್ಳಿ. ಓದಿಕೊಂಡು ಹೋದವರಿಗೆ ಪೂಜೆಯ ವೇಳೆ ಪುಸ್ತಕವನ್ನು ಆಗಾಗ ನೋಡಿದರೂ ಸಾಕಾಗುತ್ತದೆ. ಇಲ್ಲಿನ ವಾಚನಗಳು ಒಂದೇ ವರ್ಷದ ಆವರ್ತನೆಯವಾದ್ದರಿಂದ ಎರಡನೆಯ ವರ್ಷಕ್ಕೆ ಅವು ಹಳೆಯ ಪರಿಚಿತರಂತೆ ಎದುರಾಗುತ್ತವೆ.

ಕೀರ್ತನೆಗಳ ಸಂಖ್ಯೆಯಲ್ಲಿ ಗೊಂದಲವಾಗುವುದುಂಟು. ಪೂಜಾಗ್ರಂಥ ಅನುಸರಿಸುವುದು ಲ್ಯಾಟಿನ್ ಬೈಬಲಿನ ಎಣಿಕೆಯನ್ನು. ಅದು ಕನ್ನಡ ಬೈಬಲಿನ ಎಣಿಕೆಗಿಂತ ಹೆಚ್ಚಿನ ಕಡೆಗಳಲ್ಲಿ ಒಂದು ಕಡಿಮೆಯಿರುತ್ತದೆ. ಪೀಠದ ಮೆಟ್ಟಿಲ ಬುಡದಲ್ಲಿ ಹೇಳುವ 42ನೇ ಕೀರ್ತನೆಯನ್ನು ಕನ್ನಡದಲ್ಲಿ ಓದಬೇಕಾದರೆ 43ನೇ ಕೀರ್ತನೆಯನ್ನು ತೆರೆಯಬೇಕು. ಗುರುಗಳು ಕೈತೊಳೆಯುವಾಗ ಹೇಳುವ 25ನೆಯದು ಕನ್ನಡದಲ್ಲಿ 26ನೆಯದು. ಕನ್ನಡ ಬೈಬಲನ್ನು ಪಕ್ಕದಲ್ಲಿಟ್ಟುಕೊಂಡು ಇವೆರಡನ್ನಾದರೂ ನಿಧಾನವಾಗಿ ಓದಿಕೊಳ್ಳಿ.

ಹಳೆಯ ಪುಸ್ತಕವೊಂದು ಕೈಸೇರಿದರೆ ಅದು ಯಾವ ಕಾಲದ್ದೆಂದು ನೋಡಿಕೊಳ್ಳಬೇಕು. 23ನೇ ಜಾನ್ ಅವರು ಸಂತ ಜೋಸೆಫರ ಹೆಸರನ್ನು ಕ್ಯಾನನ್ ಪ್ರಾರ್ಥನೆಗೆ ಸೇರಿಸಿದ್ದು 1962ರ ಕೊನೆಯಲ್ಲಿ. ಮರಿಯಮ್ಮನವರ ಹೆಸರಿನ ಬೆನ್ನಿಗೇ ಜೋಸೆಫರ ಹೆಸರು ಇಲ್ಲದಿದ್ದರೆ ನಿಮ್ಮ ಪುಸ್ತಕ ಅದಕ್ಕೂ ಹಿಂದಿನದು. ಭಾನುವಾರಗಳಿಗೆ ಅದೂ ಧಾರಾಳವಾಗಿ ಸಾಕು. 1955ರಲ್ಲಿ ಪವಿತ್ರ ವಾರದ ವಿಧಿಗಳು ಬದಲಾದ್ದರಿಂದ ಅದಕ್ಕಿಂತ ಹಳೆಯ ಪುಸ್ತಕ ಆ ವಾರಕ್ಕೆ ಮಾತ್ರ ಹೊಂದುವುದಿಲ್ಲ. ಪಂಚಾಂಗವೂ ಬೇರೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲಕ್ಕೆ ಮುನ್ನ ಸೆಪ್ತುವಾಜೇಸಿಮಾ ಎಂಬ ಸಿದ್ಧತೆಯ ವಾರಗಳು ಬರುತ್ತವೆ, ಕ್ರಿಸ್ತರಾಜರ ಹಬ್ಬ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಬೀಳುತ್ತದೆ.

ದನಿಗೂಡಿಸುವುದು

ಕನ್ನಡಿಗರಿಗೆ ಲ್ಯಾಟಿನ್ ಉಚ್ಚಾರಣೆ ಕಷ್ಟವಲ್ಲ. ಆ ಭಾಷೆಯ ಸ್ವರಗಳು ನಮ್ಮ ಆ, ಎ, ಇ, ಒ, ಉಗಳಂತೆಯೇ ಶುದ್ಧವಾಗಿವೆ. ಅದರ ತ ಮತ್ತು ದ ನಮ್ಮ ದಂತ್ಯಗಳೇ, ಇಂಗ್ಲಿಷಿನ ಟ ಮತ್ತು ಡ ಅಲ್ಲ. ಆದ್ದರಿಂದ ಇಂಗ್ಲಿಷ್ ಪುಸ್ತಕ ನೋಡಿ ಕಲಿತವರು 'ಎಟ್ ಕಮ್' ಎಂದು ತಪ್ಪುವ ಜಾಗದಲ್ಲಿ ನಾವು 'ಎತ್ ಕುಮ್' ಎಂದು ಸಹಜವಾಗಿ ಹೇಳಬಲ್ಲೆವು. ನೆನಪಿಡಬೇಕಾದ ವಿಶೇಷಗಳು ಕೆಲವೇ. ಸಿ ಅಕ್ಷರದ ಮುಂದೆ ಇ ಅಥವಾ ಎ ಸ್ವರ ಬಂದರೆ ಅದು ಚ ಆಗುತ್ತದೆ: ಪಾಚೆಮ್, ಚೇಲಿ. ಅಂತಹ ಜಾಗದಲ್ಲಿ ಜಿ ಅಕ್ಷರ ಜ ಆಗುತ್ತದೆ: ರೆಜೀನಾ. ಜಿ ಮತ್ತು ಎನ್ ಕೂಡಿದರೆ ನ್ಯ: ಆನ್ಯುಸ್, ದೀನ್ಯುಮ್. ಗ್ರಾತ್ಸಿಯಾಸ್ ಎಂಬಲ್ಲಿ ತಿ ಎಂಬುದು ತ್ಸಿ ಆಗುತ್ತದೆ. ಎಚ್ ಅಕ್ಷರಕ್ಕೆ ಸದ್ದಿಲ್ಲ.

ಒಂದು ಸಣ್ಣ ನೋಟುಪುಸ್ತಕ ತೆಗೆದುಕೊಂಡು ಎಡಪುಟದಲ್ಲಿ ಲ್ಯಾಟಿನ್ ಮಾತನ್ನು ಕನ್ನಡ ಲಿಪಿಯಲ್ಲಿ, ಬಲಪುಟದಲ್ಲಿ ಅದರ ಅರ್ಥವನ್ನು ನಿಮ್ಮ ಕೈಯಾರೆ ಬರೆದುಕೊಳ್ಳಿ. ಮೊದಲ ಹಂತಕ್ಕೆ ಬೇಕಾದವು ಇಷ್ಟೇ. ಗುರುಗಳು 'ದೋಮಿನುಸ್ ವೋಬಿಸ್ಕುಮ್', ಅಂದರೆ ಪ್ರಭು ನಿಮ್ಮೊಡನಿರಲಿ ಎಂದಾಗ 'ಎತ್ ಕುಮ್ ಸ್ಪೀರಿತು ತೂಓ' ಎನ್ನಬೇಕು. ಅರ್ಥ, ನಿಮ್ಮ ಆತ್ಮದೊಡನೆಯೂ. ಶುಭಸಂದೇಶಕ್ಕೆ ಮುಂಚೆ ಹಣೆ, ತುಟಿ, ಎದೆಗಳ ಮೇಲೆ ಹೆಬ್ಬೆರಳಿನಿಂದ ಚಿಕ್ಕ ಶಿಲುಬೆ ಗುರುತು ಹಾಕಿಕೊಳ್ಳುತ್ತ 'ಗ್ಲೋರಿಯಾ ತಿಬಿ ದೋಮಿನೆ', ಪ್ರಭುವೇ ನಿಮಗೆ ಮಹಿಮೆ. ಅದು ಮುಗಿದಾಗ 'ಲೌಸ್ ತಿಬಿ ಕ್ರಿಸ್ತೆ', ಕ್ರಿಸ್ತರೇ ನಿಮಗೆ ಸ್ತುತಿ. ಸಾಂಕ್ತುಸ್‌ಗೆ ಮೊದಲು ಬರುವ ಸಂವಾದದಲ್ಲಿ, ಹೃದಯಗಳನ್ನು ಮೇಲೆತ್ತಿರಿ ಎಂಬ ಕರೆಗೆ 'ಆಬೇಮುಸ್ ಆದ್ ದೋಮಿನುಮ್', ಪ್ರಭುವಿಗೆ ಕೃತಜ್ಞತೆ ಸಲ್ಲಿಸೋಣ ಎಂಬ ಕರೆಗೆ 'ದೀನ್ಯುಮ್ ಎತ್ ಯೂಸ್ತುಮ್ ಎಸ್ತ್', ಅದು ಯೋಗ್ಯವೂ ನ್ಯಾಯವೂ ಆಗಿದೆ. ಪರಲೋಕ ಮಂತ್ರವನ್ನು ಗುರುಗಳು ಹೇಳಿ ನಿಲ್ಲಿಸಿದಾಗ ಕೊನೆಯ ಸಾಲು ಮಾತ್ರ ನಮ್ಮದು: 'ಸೆದ್ ಲೀಬೆರಾ ನೋಸ್ ಆ ಮಾಲೋ', ಕೇಡಿನಿಂದ ನಮ್ಮನ್ನು ರಕ್ಷಿಸಿರಿ. ಪೂಜೆಯ ಕೊನೆಯಲ್ಲಿ 'ಈತೆ, ಮಿಸ್ಸಾ ಎಸ್ತ್' ಎಂದಾಗ 'ದೇಓ ಗ್ರಾತ್ಸಿಯಾಸ್', ದೇವರಿಗೆ ವಂದನೆ. ಇದಕ್ಕೆ 'ಆಮೆನ್' ಸೇರಿಸಿದರೆ ಮೊದಲ ಹಂತ ಮುಗಿಯಿತು. ವಾರಕ್ಕೆ ಎರಡರಂತೆ ಕಲಿತರೂ ತಿಂಗಳೊಳಗೆ ಬಾಯಿಗೆ ಬರುತ್ತವೆ.

ಹಾಡುವ ಆಸೆಯಿರುವವರು ಧರ್ಮಸಭೆಯ ಹಳೆಯ ಗಾಯನಪದ್ಧತಿಯಾದ ಗ್ರೆಗೋರಿಯನ್ ಗಾನದ ಸರಳ ರಾಗಗಳಿಂದ ಆರಂಭಿಸಬೇಕು. ಎಲ್ಲ ಕಥೋಲಿಕರಿಗೂ ಗೊತ್ತಿರಲೆಂದು ಆರನೇ ಪೌಲ್ ಅವರು 1974ರಲ್ಲಿ ಕೆಲವು ಸುಲಭ ಗಾನಗಳ ಕಿರುಹೊತ್ತಗೆಯೊಂದನ್ನು ಪ್ರಪಂಚದ ಧರ್ಮಾಧ್ಯಕ್ಷರಿಗೆಲ್ಲ ಕಳುಹಿಸಿದ್ದರು. ಅದರಲ್ಲಿರುವ ಸಾಂಕ್ತುಸ್ ಮತ್ತು ಆನ್ಯುಸ್ ದೇಯಿ ಕೆಲವೇ ಸ್ವರಗಳೊಳಗೆ ಮುಗಿಯುತ್ತವೆ, ಮಕ್ಕಳೂ ಒಂದು ಸಂಜೆಯಲ್ಲಿ ಕಲಿಯುತ್ತಾರೆ. ನಾಲ್ಕು ಗೆರೆಗಳ ಮೇಲೆ ಚೌಕಾಕಾರದ ಚುಕ್ಕಿಗಳಿರುವ ಆ ಲಿಪಿಯನ್ನು ಕಂಡು ಅಳುಕಬೇಕಿಲ್ಲ. ಸಾಲಿನ ಮೊದಲಿಗಿರುವ ಚಿಹ್ನೆ ಆಧಾರಸ್ವರ ಯಾವ ಗೆರೆಯಲ್ಲಿದೆ ಎಂದು ತೋರಿಸುತ್ತದೆ, ಶ್ರುತಿಯನ್ನು ಹಾಡುವವರ ಕಂಠಕ್ಕೆ ತಕ್ಕಂತೆ ಇಟ್ಟುಕೊಳ್ಳಬಹುದು. ಷಡ್ಜವನ್ನು ತಮ್ಮ ಶ್ರುತಿಗೆ ಇರಿಸಿಕೊಂಡು ಹಾಡಿ ಅಭ್ಯಾಸವಿರುವವರಿಗೆ ಇದು ಬೇಗ ಒಲಿಯುತ್ತದೆ.

ಮೌನದಲ್ಲಿ ಏನು ಮಾಡಬೇಕು

ಕೀರ್ತನೆಗಳೂ ಉತ್ತರಗಳೂ ಇಲ್ಲದ ಕ್ಯಾನನ್ನಿನ ಆ ಮೌನವೇ ಹೊಸಬರಿಗೆ ಹೆಚ್ಚು ಭಾರವೆನಿಸುವುದು. ನನ್ನ ಮಟ್ಟಿಗೆ ಪೂಜೆಯ ಅತಿ ಬೆಲೆಯುಳ್ಳ ಹೊತ್ತು ಅದೇ. ಅದಕ್ಕೆ ಸಿದ್ಧತೆ ಕಾಣಿಕೆ ಅರ್ಪಣೆಯಿಂದಲೇ ಶುರುವಾಗಬೇಕು. ಗುರುಗಳು ರೊಟ್ಟಿಯಿರುವ ತಟ್ಟೆಯನ್ನು ಎತ್ತಿಹಿಡಿದಾಗ ಆ ವಾರ ನಿಮ್ಮ ಪಾಲಿಗೆ ಬಂದದ್ದನ್ನು ಮನಸ್ಸಿನಲ್ಲೇ ಅದರ ಮೇಲೆ ಇರಿಸಿ: ಮುಗಿಯದ ಕೆಲಸ, ಮನೆಯವರ ಕಾಯಿಲೆ, ಆಡಬಾರದಿತ್ತೆಂದು ಈಗ ಅನಿಸುವ ಮಾತು. ಪಾತ್ರೆಯಲ್ಲಿ ದ್ರಾಕ್ಷಾರಸಕ್ಕೆ ಒಂದೆರಡು ಹನಿ ನೀರು ಬೆರೆಸುವುದನ್ನು ನೋಡಿ. ನಮ್ಮ ಮಾನವತ್ವವನ್ನು ಹಂಚಿಕೊಂಡವರ ದೈವತ್ವದಲ್ಲಿ ನಾವು ಪಾಲುಗಾರರಾಗಲಿ ಎಂದು ಗುರುಗಳು ಆಗ ಬೇಡಿಕೊಳ್ಳುತ್ತಾರೆ. ಆ ಹನಿ ನಾವು.

ಕ್ಯಾನನ್ ಆರಂಭವಾದ ಸ್ವಲ್ಪದರಲ್ಲೇ ಗುರುಗಳು ಕೈಗಳನ್ನು ಜೋಡಿಸಿ ಒಂದು ಕ್ಷಣ ಅಲುಗಾಡದೆ ನಿಲ್ಲುತ್ತಾರೆ. ಅದು ಜೀವಂತರ ಸ್ಮರಣೆ. ಗುರುಗಳು ತಾವು ಪ್ರಾರ್ಥಿಸಬೇಕಾದವರ ಹೆಸರುಗಳನ್ನು ಆಗ ನೆನೆಯುತ್ತಾರೆ. ನೀವೂ ನಿಮ್ಮವರ ಹೆಸರುಗಳನ್ನು ಒಂದೊಂದಾಗಿ ದೇವರ ಮುಂದಿಡಿ. ಪವಿತ್ರೀಕರಣದ ನಂತರ ಮತ್ತೊಮ್ಮೆ ಹಾಗೆಯೇ ನಿಂತಾಗ ಅದು ಅಗಲಿದವರ ಸ್ಮರಣೆ. ಈ ಎರಡೂ ಪಟ್ಟಿಗಳನ್ನು ಮನೆಯಿಂದಲೇ ಮನಸ್ಸಿನಲ್ಲಿಟ್ಟುಕೊಂಡು ಹೋಗಿ, ಏಕೆಂದರೆ ಆ ಕ್ಷಣ ಚಿಕ್ಕದು. ಅಲ್ಲಿಂದ ತುಸು ಹೊತ್ತಿಗೆ ಗುರುಗಳು ದನಿಯನ್ನು ಸ್ವಲ್ಪವೇ ಏರಿಸಿ 'ನೋಬಿಸ್ ಕ್ವೋಕ್ವೆ ಪೆಕ್ಕಾತೋರಿಬುಸ್', ಪಾಪಿಗಳಾದ ನಮಗೂ, ಎಂದು ಎದೆಯನ್ನು ಬಡಿದುಕೊಳ್ಳುತ್ತಾರೆ. ಆ ಮೂರು ಪದಗಳು ಕಿವಿಗೆ ಬಿದ್ದರೆ ಕ್ಯಾನನ್ ಮುಗಿಯುತ್ತ ಬಂದಿದೆ ಎಂದರ್ಥ. ಕೊನೆಯಲ್ಲಿ 'ಪೆರ್ ಓಮ್ನಿಯಾ ಸೇಕುಲಾ ಸೇಕುಲೋರುಮ್' ಎಂದು ಗಟ್ಟಿಯಾಗಿ ಹೇಳಿದಾಗ ನಾವು ಹೇಳುವ 'ಆಮೆನ್' ಆ ಇಡೀ ಮೌನಕ್ಕೆ ನಾವು ಹಾಕುವ ಸಹಿ. ಅದನ್ನು ತುಂಬು ದನಿಯಲ್ಲಿ ಹೇಳಿ.

ಮನಸ್ಸು ಅಲೆದಾಡಿದರೆ ಗಾಬರಿಪಡಬೇಡಿ. ಆರಾಧನೆ, ಕೃತಜ್ಞತೆ, ಪ್ರಾಯಶ್ಚಿತ್ತ, ಬೇಡಿಕೆ ಎಂಬ ಬಲಿಪೂಜೆಯ ನಾಲ್ಕು ಉದ್ದೇಶಗಳಲ್ಲಿ ಯಾವುದಾದರೂ ಒಂದಕ್ಕೆ ಮರಳಿದರೆ ಸಾಕು. ಮಕ್ಕಳೊಡನೆ ಬಂದವರಿಗೆ ಅಷ್ಟೂ ಆಗದಿರಬಹುದು. ಅವರು ಮಗುವಿನ ಕಿವಿಯಲ್ಲಿ 'ನೋಡು, ಈಗ ಯೇಸು ಬರುತ್ತಾರೆ' ಎಂದು ಪಿಸುಗುಟ್ಟಿದರೂ ಅವರ ಪಾಲಿನ ಪೂಜೆ ಪೂರ್ಣವಾದಂತೆ.

ಪರಮಪ್ರಸಾದ ಮತ್ತು ಆಮೇಲೆ

ಸ್ವೀಕಾರಕ್ಕೆ ಮುನ್ನ ಗುರುಗಳು ಜನರತ್ತ ತಿರುಗಿ ಪರಮಪ್ರಸಾದವನ್ನು ತೋರಿಸಿದಾಗ ಶುಭಸಂದೇಶದಲ್ಲಿ ಬರುವ ಶತಾಧಿಪತಿಯ (ರೋಮನ್ ಸೇನಾಧಿಕಾರಿಯ) ಮಾತನ್ನು ಮೂರು ಸಲ ಹೇಳುತ್ತ ಎದೆ ಬಡಿದುಕೊಳ್ಳಬೇಕು: 'ದೋಮಿನೆ, ನೋನ್ ಸುಮ್ ದೀನ್ಯುಸ್, ಉತ್ ಇಂತ್ರೆಸ್ ಸುಬ್ ತೆಕ್ತುಮ್ ಮೇಉಮ್, ಸೆದ್ ತಾಂತುಮ್ ದಿಕ್ ವೆರ್ಬೋ, ಎತ್ ಸಾನಾಬಿತುರ್ ಆನಿಮಾ ಮೇಆ.' ಪ್ರಭುವೇ, ನೀವು ನನ್ನ ಮನೆಗೆ ಬರಲು ನಾನು ಯೋಗ್ಯನಲ್ಲ, ಒಂದು ಮಾತನ್ನು ಹೇಳಿದರೆ ಸಾಕು, ನನ್ನ ಆತ್ಮ ಗುಣಹೊಂದುವುದು. ಕೆಲವೆಡೆ ಇದಕ್ಕೆ ಮೊದಲು ಕೊನ್ಫೀತೆಯೋರ್ ಮತ್ತೊಮ್ಮೆ ಕೇಳಿಸೀತು. 1960ರ ನಿಯಮಗಳಲ್ಲಿ ಅದನ್ನು ಕೈಬಿಡಲಾಗಿದ್ದರೂ ರೂಢಿಯಾಗಿ ಉಳಿದುಕೊಂಡಿದೆ.

ನಂತರ ಪೀಠದ ಮುಂದಿನ ಕಟಕಟೆಯ ಬಳಿ ಹೋಗಿ ಮಂಡಿಯೂರಿ. ಮಂಡಿಯೂರಲಾಗದವರು ನಿಂತೇ ಸ್ವೀಕರಿಸಬಹುದು. ತಲೆಯನ್ನು ತುಸು ಹಿಂದಕ್ಕೆ ವಾಲಿಸಿ, ಕಣ್ಣು ಮುಚ್ಚಿ, ನಾಲಿಗೆಯನ್ನು ಕೆಳದುಟಿಯ ಮೇಲೆ ಬರುವಂತೆ ಚಾಚಿ ಅಲುಗಾಡದೆ ಇರಿ. ಪೀಠಸೇವಕ ಗದ್ದದ ಕೆಳಗೆ ತಟ್ಟೆ ಹಿಡಿಯುತ್ತಾನೆ. ಮುಂದಕ್ಕೆ ಬಾಗಿ ಬಾಯಿಯಿಂದ ಹಿಡಿಯಲು ಹೋಗಬೇಡಿ, ಗುರುಗಳೇ ಇರಿಸುತ್ತಾರೆ. ನಮ್ಮ ಪ್ರಭು ಯೇಸುಕ್ರಿಸ್ತರ ಶರೀರವು ನಿನ್ನ ಆತ್ಮವನ್ನು ನಿತ್ಯಜೀವಕ್ಕೆ ಕಾಪಾಡಲಿ ಎಂದು ಹೇಳುವ ಗುರುಗಳೇ ಕೊನೆಗೆ ಆಮೆನ್ ಎನ್ನುತ್ತಾರೆ. ಆದ್ದರಿಂದ ಇಲ್ಲಿ ನೀವು 'ಆಮೆನ್' ಎನ್ನಬಾರದು. ಹೊಸ ವಿಧಿಗೆ ಒಗ್ಗಿದವರ ನಾಲಿಗೆ ತಾನಾಗಿಯೇ ಅದನ್ನು ಹೇಳಹೊರಡುವುದರ ಬಗ್ಗೆ ಎಚ್ಚರವಿರಲಿ. ಸ್ವೀಕರಿಸುವ ಸ್ಥಿತಿಯಲ್ಲಿ ಇಲ್ಲದವರು ಮತ್ತು ಕಥೋಲಿಕರಲ್ಲದವರು ತಮ್ಮ ಜಾಗದಲ್ಲೇ ಮಂಡಿಯೂರಿ, ಪ್ರಭು ತಮ್ಮ ಹೃದಯಕ್ಕೆ ಬರಲೆಂದು ಬೇಡಿಕೊಳ್ಳಬಹುದು. ಯಾರೂ ಅವರನ್ನು ಲೆಕ್ಕ ಹಾಕುತ್ತ ಕುಳಿತಿರುವುದಿಲ್ಲ.

ಆಶೀರ್ವಾದವಾದ ಕೂಡಲೇ ಹೊರಡಬೇಡಿ. ಗುರುಗಳು ಪೀಠದ ಎಡತುದಿಗೆ ಹೋಗಿ ಸಂತ ಯೊವಾನ್ನರ ಶುಭಸಂದೇಶದ ಮೊದಲ 14 ವಚನಗಳನ್ನು ಓದುವುದು ಬಾಕಿಯಿರುತ್ತದೆ. ಸರಳ ಪೂಜೆಯಾಗಿದ್ದರೆ ಅದರ ಬೆನ್ನಿಗೆ, ಪೋಪ್ 13ನೇ ಲಿಯೋ ಅವರ ಕಾಲದಿಂದ ಬಂದ ಪ್ರಾರ್ಥನೆಗಳಿರುತ್ತವೆ: ಮೂರು ನಮೋ ಮರಿಯಾ, ಮರಿಯಮ್ಮನವರನ್ನು ಬೇಡುವ ಸಾಲ್ವೆ ರೆಜೀನಾ, ಮಹಾದೂತ ಮಿಕಾಯೇಲರ ಪ್ರಾರ್ಥನೆ. ಅವು ಮುಗಿದು ಗುರುಗಳು ಒಳಗೆ ಹೋದ ಮೇಲೂ ಹಲವರು ಮಂಡಿಯೂರಿಯೇ ಇರುತ್ತಾರೆ, ಪೀಠಸೇವಕ ಉದ್ದನೆಯ ಕೋಲಿನಿಂದ ಮೇಣದಬತ್ತಿಗಳನ್ನು ಒಂದೊಂದಾಗಿ ಆರಿಸುತ್ತಾನೆ. ನೀವೂ ಹತ್ತು ನಿಮಿಷ ಅವರೊಡನೆ ಉಳಿದು, ಸ್ವೀಕರಿಸಿದ ಪ್ರಭುವಿಗೆ ನಿಮ್ಮದೇ ಮಾತುಗಳಲ್ಲಿ ವಂದನೆ ಸಲ್ಲಿಸಿ. ಏಳುವ ಮೊದಲು ಪುಸ್ತಕದ ದಾರವನ್ನು ಮುಂದಿನ ಭಾನುವಾರದ ಪುಟಕ್ಕೆ ಸರಿಸಿಡಿ.